ಕರಾವಳಿಯ ಒದ್ದೆ ಗಾಳಿಯಲ್ಲಿ ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್: ಬಳಸಿ ನೋಡಿದ ಮೇಲೆ

ಮಂಗಳೂರು, ಉಡುಪಿ ಕಡೆಯವರು ಟರ್ನ್‌ಟೇಬಲ್ (ಪ್ಲೇಟು ನುಡಿಸುವ ಯಂತ್ರ) ಕೊಳ್ಳುವುದಾದರೆ ಡೈರೆಕ್ಟ್ ಡ್ರೈವ್, ಅಂದರೆ ಮೋಟಾರೇ ತಟ್ಟೆಯನ್ನು ನೇರ ತಿರುಗಿಸುವಂಥದ್ದು ತಗೊಳ್ಳಿ. ಬೆಲ್ಟ್ ಇರುವ ಯಂತ್ರದಲ್ಲಿ ರಬ್ಬರ್ ನಮ್ಮ ಸೆಕೆಗೆ ಬೇಗ ಸಡಿಲವಾಗಿ ವೇಗ ಏರುಪೇರಾಗುತ್ತದೆ, ಶ್ರುತಿ ಅಲುಗುತ್ತದೆ. ಡೈರೆಕ್ಟ್ ಡ್ರೈವ್ ಆದ ಎಲ್‌ಪಿ120ಎಕ್ಸ್‌ನಲ್ಲಿ ಆ ತಾಪತ್ರಯವೇ ಇಲ್ಲ. ನಿಮಿಷಕ್ಕೆ 33, 45 ಸುತ್ತಿನ ಜೊತೆ 78ರ ವೇಗವೂ ಇದೆ. ಅಟ್ಟದಲ್ಲಿ 78ರ ಹಳೆ ಗ್ರಾಮಫೋನ್ ಪ್ಲೇಟು ಇಟ್ಟುಕೊಂಡ ಮನೆಗಳಿಗೆ ಅದೊಂದೇ ಸಾಕು ಇದನ್ನು ಆರಿಸಲು.

ಜೊತೆಗೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಭಾಗ) 2 ಗ್ರಾಂ ಭಾರ ಬೇಕು. ಆಂಟಿ-ಸ್ಕೇಟ್ (ತೋಳು ಒಳಕ್ಕೆ ಜಾರದಂತೆ ತಡೆಯುವ ಗುಂಡಿ) ಸೊನ್ನೆಗಿಟ್ಟು, ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುವವರೆಗೆ ಹಿಂದಿನ ತೂಕ ತಿರುಗಿಸಿ. ತೋಳನ್ನು ಕೊಕ್ಕೆಗೆ ಸಿಕ್ಕಿಸಿ, ಅಂಕಿಯ ಉಂಗುರವನ್ನಷ್ಟೇ ಸೊನ್ನೆಗೆ ತನ್ನಿ. ಆಮೇಲೆ ತೂಕ, ಉಂಗುರ ಎರಡನ್ನೂ ಒಟ್ಟಿಗೆ 2ಕ್ಕೆ ತಿರುಗಿಸಿ, ಆಂಟಿ-ಸ್ಕೇಟ್ ಕೂಡ 2ಕ್ಕೆ. ಹಗುರವಿದ್ದರೆ ಧ್ವನಿ ಸ್ವಚ್ಛವಾದೀತು ಅಂತ ತೂಕ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಮುಳ್ಳು ಗೀರಿನಲ್ಲಿ ಕೂರದೆ ಕುಣಿದು ಎಲ್‌ಪಿಯನ್ನೇ (33ರ ಪ್ಲೇಟು) ಕೆಡಿಸುತ್ತದೆ.

ಹಿಂದಿರುವ ಸ್ವಿಚ್ ನೋಡಿಕೊಳ್ಳಿ. ಆಂಪ್ಲಿಫೈಯರ್‌ನಲ್ಲಿ ಟರ್ನ್‌ಟೇಬಲ್‌ಗೆಂದೇ ಇರುವ ಫೋನೋ ಕಿಂಡಿಗೆ ಹಾಕಿದರೆ ಸ್ವಿಚ್ ‘ಫೋನೋ’ದಲ್ಲೇ ಇರಬೇಕು, ಅರ್ತಿಂಗ್ ತಂತಿಯನ್ನೂ ಬಿಗಿಯಬೇಕು. ‘ಲೈನ್’ನಲ್ಲಿಟ್ಟರೆ ಪ್ರಿ-ಆಂಪ್ (ಮುಳ್ಳಿನಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಯಂತ್ರದ್ದೊಂದು, ಆಂಪ್ಲಿಫೈಯರ್‌ನದೊಂದು ಅಂತ ಎರಡೆರಡಾಗಿ ಧ್ವನಿ ಒಡೆಯುತ್ತದೆ. ಸುಮ್ಮನೆ ಗುಂಯ್‌ಗುಡುತ್ತಿದ್ದರೆ ಆ ತಂತಿ ಸಡಿಲ ಅಂತಲೇ ಲೆಕ್ಕ.

ಆಟಿ ತಿಂಗಳ ಮಳೆಯಲ್ಲಿ ಒಂದು ಸ್ಪೀಕರ್ ಇದ್ದಕ್ಕಿದ್ದಂತೆ ಮೂಕವಾದರೆ ಹೊಸ ಕಾರ್ಟ್ರಿಜ್‌ಗೆ ದುಡ್ಡು ಸುರಿಯಬೇಡಿ. ತೋಳಿನ ತುದಿಯ ಉಂಗುರ ಸಡಿಲಿಸಿ ಹೆಡ್‌ಶೆಲ್ (ಕಾರ್ಟ್ರಿಜ್ ಹಿಡಿದಿರುವ ತುಂಡು) ಹೊರಗೆಳೆದರೆ ನಾಲ್ಕು ಪುಟ್ಟ ಪಿನ್ನುಗಳು ಕಾಣುತ್ತವೆ. ಉಪ್ಪು ಗಾಳಿಗೆ ಅವು ಮಂಕಾಗಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ. ಬಹುಪಾಲು ಅಷ್ಟರಲ್ಲೇ ಸರಿಹೋಗುತ್ತದೆ. ಆಗಲೂ ಬಾರದಿದ್ದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ಬಣ್ಣದ ತಂತಿಗಳ ತುದಿಯನ್ನು ಚಿಮಟದಲ್ಲಿ ಮೆಲ್ಲಗೆ ತೆಗೆದು ಸಿಕ್ಕಿಸಿ.

ಉಪ್ಪರಿಗೆಯ ಮರದ ನೆಲವಾದರೆ ಯಾರಾದರೂ ನಡೆದಾಗ ಮುಳ್ಳು ಹಾರುತ್ತದೆ. ಟರ್ನ್‌ಟೇಬಲ್ ಅಡಿಗೆ ಒಂದು ತುಂಡು ಕಡಪ ಕಲ್ಲು, ಅದರಡಿ ದಪ್ಪ ರಬ್ಬರ್ ಬಿಲ್ಲೆ ಇಡಿ. ಸ್ಪೀಕರ್ ಮಾತ್ರ ಅದೇ ಮೇಜಿನ ಮೇಲೆ ಬೇಡ.

ಮುಳ್ಳಿನ ಆಯುಷ್ಯ ಸುಮಾರು 300 ಗಂಟೆ. ಬದಲಿಸುವಾಗ ಎಂಎಲ್ (ಮೈಕ್ರೋಲೈನ್, ಸಪೂರ ತುದಿಯ) ಮುಳ್ಳು ಹಾಕಿ. ದುಬಾರಿ, ಆದರೆ 1000 ಗಂಟೆ ಬಾಳುತ್ತದೆ, ಎಲ್‌ಪಿಯ ಒಳಸುತ್ತಿನಲ್ಲೂ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಅದೇ ಕಾರ್ಟ್ರಿಜ್‌ಗೆ ಕೂರುತ್ತದೆ. 78ಕ್ಕೆ ಮಾತ್ರ ಅಗಲ ತುದಿಯ ಎಸ್‌ಪಿ ಮುಳ್ಳೇ ಬೇಕು.

ಬೂಷ್ಟು ಹಿಡಿದ ಎಲ್‌ಪಿಯನ್ನು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್‌ಗೆ ಒಂದು ಪಾಲು ಐಸೊಪ್ರೊಪೈಲ್ ಬೆರೆಸಿ, ಗೀರಿನ ದಿಕ್ಕಿನಲ್ಲೇ ಒರೆಸಿ. ಹಳೆ ಕಾಗದದ ಕವರಿಗೆ ಮತ್ತೆ ಹಾಕಬೇಡಿ, ಬೂಷ್ಟು ಅದರಲ್ಲೇ ಕೂತಿರುತ್ತದೆ. 78ರ ಪ್ಲೇಟಿಗಂತೂ ಆಲ್ಕೋಹಾಲ್ ಸೋಕಲೇಬಾರದು. ಅದು ಅರಗಿನದು, ಕರಗುತ್ತದೆ.