ಕೆರೆ ಹಬ್ಬದ ಶಿಲ್ಪ ಸ್ಪರ್ಧೆಗೆ ಹೆಸರು ಕೊಡೋ ಮುಂಚೆ ಇದನ್ನ ಓದ್ಬಿಡಿ

ಚಳಿಗಾಲ ಬಂತು ಅಂದ್ರೆ ಬಡಾವಣೆ ಹಬ್ಬ, ಕೆರೆ ಹಬ್ಬ, ಪಾರ್ಕ್ ಉತ್ಸವ ಎಲ್ಲಾ ಸಾಲಾಗಿ ಬರ್ತವೆ, ಅದರ ಜೊತೆಗೇ "ಸಮುದಾಯ ಹೊರಾಂಗಣ ಶಿಲ್ಪ ಸ್ಪರ್ಧೆ" ಅಂತ ಪೋಸ್ಟರ್‌ಗಳೂ ವಾಟ್ಸಾಪ್‌ನಲ್ಲಿ ಓಡಾಡೋಕೆ ಶುರುವಾಗ್ತವೆ. ಮೊನ್ನೆ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದ್ತಿರೋ ಇಬ್ರು ಹುಡುಗ್ರು ಅಂಥದೇ ಒಂದು ಫಾರಂ ಕಳ್ಸಿ "ಅಕ್ಕಾ, ಇದಕ್ಕೆ ಹಾಕ್ಲಾ?" ಅಂತ ಕೇಳಿದ್ರು. ತೆಗೆದು ನೋಡ್ತೀನಿ, ನಾನು ಎರಡು ವರ್ಷದ ಹಿಂದೆ ಸಹಿ ಮಾಡಿದ್ದ ಫಾರಂನ ಷರತ್ತುಗಳೇ ಅಕ್ಷರ ಬಿಡದೆ ಇಲ್ಲೂ ಇವೆ. ಊರು ಬೇರೆ, ಸಂಘ ಬೇರೆ, ಷರತ್ತು ಮಾತ್ರ ಕಾಪಿ. ಇಬ್ಬರಿಗೆ ಹೇಳಿ ಸುಮ್ಮನಾಗೋ ವಿಷಯ ಅಲ್ಲ ಇದು ಅನ್ನಿಸ್ತು, ಅದಕ್ಕೆ ಎಲ್ಲರಿಗೂ ಅಂತ ಬರೀತಿದೀನಿ. ಸಂಘದ ಹೆಸರು, ಊರಿನ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ.

ಒಂದು ನಗರದ ಕೆರೆ ಪಕ್ಕದ ಬಡಾವಣೆ. ಅಲ್ಲಿನ ನಿವಾಸಿಗಳ ಸಂಘದವರು ಕೆರೆ ಏರಿ ಮೇಲೆ ವಾಕಿಂಗ್ ಪಾತ್ ಉದ್ದಕ್ಕೂ ಶಿಲ್ಪ ನಿಲ್ಲಿಸ್ತೀವಿ, ಸ್ಪರ್ಧೆ ಮಾಡ್ತೀವಿ ಅಂದ್ರು. ಪ್ರವೇಶ ಶುಲ್ಕ 2,000, ಮೊದಲ ಬಹುಮಾನ 75,000 ರೂಪಾಯಿ, ಸ್ಕೆಚ್ ಮತ್ತೆ ಮಣ್ಣಿನ ಮಾದರಿ ನೋಡಿ ಆಯ್ಕೆ, ಆಮೇಲೆ ಅಲ್ಲೇ ಜನರ ಎದುರಿಗೆ ಕೆತ್ತನೆ. ನಾನು ಕೊಟ್ಟಿದ್ದು ನೀರಗಂಟಿ. ಹಿಂದೆ ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡ್ಕೊಳ್ತಿದ್ದೋನು ಅವನೇ. ಆ ಕೆರೇಲಿ ಇವತ್ತಿಗೂ ಹಳೇ ತೂಬಿನ ಕಲ್ಲುಕಂಬ ಎರಡು ನಿಂತಿವೆ, ವಾಕಿಂಗ್ ಬರೋರಲ್ಲಿ ಬಹಳ ಜನಕ್ಕೆ ಅದೇನು ಅಂತಾನೇ ಗೊತ್ತಿಲ್ಲ. ಆ ಕಂಬದ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರೋ ಮುದುಕ, ಭುಜದ ಮೇಲೆ ಕಂಬಳಿ, ಒಂದು ಕೈ ನೆಲದ ಮೇಲೆ. ಆಯ್ಕೆ ಆಯ್ತು, ನಿಜವಾಗಿ ಖುಷಿಪಟ್ಟೆ, ಯಾಕಂದ್ರೆ ಆ ಶಿಲ್ಪ ಆ ಜಾಗಕ್ಕೇ ಹುಟ್ಟಿದ್ದು, ಬೇರೆ ಕಡೆ ಇಟ್ರೆ ಅದಕ್ಕೆ ಅರ್ಧ ಅರ್ಥ ಹೋಗತ್ತೆ.

ಕಲ್ಲು ನಮ್ಮದೇ ತರಬೇಕು ಅಂತ ಫಾರಂನಲ್ಲೇ ಇತ್ತು. ಒಳ್ಳೆ ಶಿಲ್ಪ ಶಿಬಿರಗಳಿಗೆ ಹೋದೋರಿಗೆ ಗೊತ್ತು, ಅಲ್ಲಿ ಕಲ್ಲು, ಊಟ, ವಸತಿ, ಸಹಾಯಕರ ಕೂಲಿ ಎಲ್ಲಾ ಆಯೋಜಕರದ್ದು, ಮೇಲೆ ಗೌರವಧನ. ಇಲ್ಲಿ ಹಾಗಲ್ಲ. ಹೊಸಬರು ಒಂದು ಲೆಕ್ಕ ಹಾಕ್ಕೊಳ್ಳಿ, ಗ್ರಾನೈಟ್ ಒಂದು ಘನ ಅಡಿಗೆ ಹೆಚ್ಚೂಕಮ್ಮಿ 75 ಕೆಜಿ ತೂಗತ್ತೆ, 5 ಅಡಿ ಎತ್ತರ, 2 ಅಡಿ ಅಗಲ, 2 ಅಡಿ ದಪ್ಪದ ಕಲ್ಲು ಅಂದ್ರೆ ಒಂದೂವರೆ ಟನ್. ಅದನ್ನ ಕ್ವಾರಿಯಿಂದ ಲಾರಿಗೆ ಏರಿಸೋಕೆ ಒಂದು ಖರ್ಚು, ಇಳಿಸೋಕೆ ಹೈಡ್ರಾ ಕ್ರೇನ್ ಬಾಡಿಗೆ ಇನ್ನೊಂದು, ಮುಗಿದ ಮೇಲೆ ಪೀಠಕ್ಕೆ ಏರಿಸೋಕೆ ಮತ್ತೆ ಹೈಡ್ರಾ. ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿ ಬಾಹುಬಲಿಯನ್ನ ಧರ್ಮಸ್ಥಳಕ್ಕೆ ಸಾಗಿಸಿದ್ದನ್ನ ಕರಾವಳಿ ಜನ ಇವತ್ತಿಗೂ ಮಾತಾಡ್ತಾರೆ, ಕಲ್ಲಿನ ಕೆಲಸದಲ್ಲಿ ಸಾಗಾಣಿಕೆ ಅನ್ನೋದೇ ಅರ್ಧ ಕೆಲಸ. ಫಾರಂನಲ್ಲಿ "ಅಗತ್ಯ ಸೌಲಭ್ಯ ಒದಗಿಸಲಾಗುವುದು" ಅಂತ ಒಂದೇ ಸಾಲು ಇತ್ತು, ಆ ಸೌಲಭ್ಯ ಅಂದ್ರೆ ಶಾಮಿಯಾನ ಮತ್ತೆ ಮಧ್ಯಾಹ್ನದ ಊಟ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು. ಹೈಡ್ರಾ ದುಡ್ಡು ನಮ್ಮ ಜೇಬಿಂದ.

ಕರೆಂಟ್ ಕೊಟ್ರು, ನೀರಿನ ಪೈಪ್ ಕೊಡ್ಲಿಲ್ಲ. ಕೆರೆ ಪಕ್ಕದಲ್ಲೇ ಕೂತು ನೀರಿಲ್ಲದೆ ಗ್ರೈಂಡರ್ ಓಡಿಸೋ ಪರಿಸ್ಥಿತಿ. ಗ್ರಾನೈಟ್ ಧೂಳಲ್ಲಿ ಸಿಲಿಕಾ ಇರತ್ತೆ, ಅದು ಶ್ವಾಸಕೋಶಕ್ಕೆ ಇಳಿದ್ರೆ ಸಿಲಿಕೋಸಿಸ್, ಆ ಕಾಯಿಲೆ ಬಂದ ಮೇಲೆ ವಾಸಿ ಮಾಡೋ ಔಷಧಿ ಇಲ್ಲ. ಮೂಗಿಗೆ ಕರ್ಚೀಫ್ ಕಟ್ಕೊಂಡ್ರೆ ಅದು ತಡೆಯಲ್ಲ, ಕಲ್ಲಿನ ಮೇಲೆ ನೀರು ಹರಿಸ್ತಾ ಕೊಯ್ಯಬೇಕು, ಅದರ ಮೇಲೆ ಕನಿಷ್ಠ ಎನ್95 ಮಾಸ್ಕ್ ಬೇಕು. ನಾವು ಕೂಗಾಡಿ ಒಂದು ಡ್ರಮ್ ನೀರು ತರಿಸಿಕೊಂಡ್ವಿ. ಪಕ್ಕದಲ್ಲೇ ಶಾಲೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ "ಲೈವ್ ಕೆತ್ತನೆ" ತೋರಿಸ್ತಿದ್ರು, ಆ ಮಕ್ಕಳ ಮುಖಕ್ಕೆ ಬರಿ ಧೂಳು. ನಾನು ಮೆಷಿನ್ ಆಫ್ ಮಾಡಿ ಬರೀ ಚಾಣ (ಕಲ್ಲು ಕೆತ್ತೋ ಉಳಿ) ಸುತ್ತಿಗೆ ಹಿಡಿದು ಕೂತೆ, ಮಕ್ಕಳು ಹೋದ ಮೇಲೆ ಮತ್ತೆ ಗ್ರೈಂಡರ್.

ಸರಿ, ಇದೆಲ್ಲಾ ಕಷ್ಟ, ಕಲ್ಲಿನ ಕೆಲಸ ಮಾಡೋರಿಗೆ ಕಷ್ಟ ಹೊಸದಲ್ಲ. ಬಹುಮಾನನೂ ಬಂತು, ಎರಡನೇದು, ತಡವಾಗಿ ಆದ್ರೂ ಚೆಕ್ ಬಂತು. ಕಲ್ಲು ಮತ್ತೆ ಸಾಗಾಣಿಕೆ ಖರ್ಚು ಕಳೆದ್ರೆ ಕೈಗೆ ಏನೂ ಉಳೀಲಿಲ್ಲ, ಅದನ್ನೂ ಬಿಡಿ. ನಾನು ಹೇಳಬೇಕು ಅಂತಿರೋದು ಹಬ್ಬ ಮುಗಿದ ಮೇಲೆ ಆಗಿದ್ದು.

ಮಾರನೇ ವರ್ಷ ರಾಜ್ಯೋತ್ಸವ ಆದ ಮೇಲೆ ಗೆಳತಿ ಒಬ್ಬಳು ಫೋಟೋ ಕಳ್ಸಿದ್ಲು. ನೀರಗಂಟಿಗೆ ಪೇಂಟ್ ಹೊಡ್ದಿದಾರೆ. ಎನಾಮಲ್ ಪೇಂಟು. ಪೇಟಕ್ಕೆ ಕೆಂಪು, ಪಂಚೆಗೆ ಬಿಳಿ, ಮೈಗೆ ಚಾಕಲೇಟ್ ಕಲರು, ಕಂಬಳಿಗೆ ಕಪ್ಪು, ಕಣ್ಣಿಗೆ ಗುಡ್ಡೆ ಬರೆದಿದಾರೆ. ಗ್ರಾನೈಟ್ ಕೆಲಸ ಮಾಡೋರಿಗೆ ಇದು ಎಷ್ಟು ಉರಿಯತ್ತೆ ಅಂತ ವಿವರಿಸಬೇಕಾಗಿಲ್ಲ, ಬೇರೆಯವರಿಗೋಸ್ಕರ ಹೇಳ್ತೀನಿ. ಗ್ರಾನೈಟ್‌ನ ಪಾಲಿಶ್ ಮಾಡಿದ ಕಡೆ ಗಾಢವಾಗತ್ತೆ, ಚಾಣದ ಏಟು ಬಿದ್ದ ಕಡೆ ಬೆಳ್ಳಗೆ ಕಾಣತ್ತೆ. ಬಣ್ಣವೇ ಇಲ್ಲದೆ ಕಲ್ಲಿನೊಳಗೇ ಎರಡು ಬಣ್ಣ. ನಾನು ಮುದುಕನ ಬೆನ್ನು, ಕೈ, ಮುಖ ಮಾತ್ರ ತಿಕ್ಕಿ ತಿಕ್ಕಿ ಗಾಢ ಮಾಡಿ, ಕಂಬಳಿ ಪೂರ್ತಿ ಚಾಣದ ಗೆರೆಯಲ್ಲೇ ಬಿಟ್ಟಿದ್ದೆ, ಒಂದೊಂದು ಗೆರೆನೂ ಉಣ್ಣೆ ಎಳೆ ಬಿದ್ದಿರೋ ದಿಕ್ಕಿಗೇ. ಮಳೆ ಬಂದಾಗ ಮೈ ಇನ್ನೂ ಕಪ್ಪಾಗಿ ಹೊಳೀತಿತ್ತು. ಆ ಒರಟು ಕಲ್ಲಿನ ಸಂದಿಗೆಲ್ಲಾ ಎನಾಮಲ್ ಇಳಿದ್ರೆ ಬರೀ ಥಿನ್ನರ್‌ಗೆ ಬರಲ್ಲ, ರಭಸವಾಗಿ ಮರಳು ಹೊಡೆದು ಸ್ಯಾಂಡ್ ಬ್ಲಾಸ್ಟ್ ಮಾಡಿದ್ರೆ ಪೇಂಟ್ ಜೊತೆ ಚಾಣದ ಗೆರೆನೂ ಹೋಗತ್ತೆ.

ಫೋನ್ ಮಾಡಿದ್ರೆ ಕಾರ್ಯದರ್ಶಿಗಳು "ಮೇಡಂ, ಹಬ್ಬಕ್ಕೆ ಚೆನ್ನಾಗ್ ಕಾಣ್ಲಿ ಅಂತ ನಮ್ಮ ಮೆಂಬರ್ಸೇ ದುಡ್ಡು ಹಾಕಿ ಮಾಡಿಸಿದ್ದು, ಎಲ್ರೂ ಸೂಪರ್ ಅಂತಿದಾರೆ" ಅಂದ್ರು. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ ಅಂತ ನನಗೂ ಗೊತ್ತು. ಆದ್ರೆ ಕೇಳಬೇಕಿತ್ತಲ್ವಾ? "ಕೃತಿ ನಮ್ದೇ ಅಲ್ವಾ ಮೇಡಂ, ಫಾರಂ ನೋಡಿ" ಅಂದ್ರು.

ಫಾರಂನಲ್ಲಿ ಇದ್ದಿದ್ದು ಹೀಗೆ: "ಆಯ್ಕೆಯಾದ ಎಲ್ಲಾ ಕೃತಿಗಳ ಸಂಪೂರ್ಣ ಹಕ್ಕು ಆಯೋಜಕರದ್ದಾಗಿರುತ್ತದೆ." ಎಲ್ಲಾ ಕೃತಿ, ಗಮನಿಸಿ. ಬಹುಮಾನ ಬರದೆ ಇರೋರು ಕೂಡ ತಮ್ಮದೇ ಕಲ್ಲು, ತಮ್ಮದೇ ಕೂಲಿ ಹಾಕಿ ಪುಕ್ಕಟೆ ಕೊಟ್ಟು ಬಂದ ಹಾಗಾಯ್ತು. ಇನ್ನೊಂದು ಷರತ್ತು, "ಕೃತಿಯ ಮೇಲೆ ಹೆಸರು ಅಥವಾ ಸಹಿ ಇರಕೂಡದು", ತೀರ್ಪುಗಾರರಿಗೆ ಯಾರದು ಅಂತ ಗೊತ್ತಾಗಬಾರದು ಅಂತ ಕಾರಣ ಕೊಟ್ಟಿದ್ರು. ತೀರ್ಪು ಆದ ಮೇಲೆ ಹೆಸರಿನ ಫಲಕ ಹಾಕ್ತೀವಿ ಅಂದ್ರು, ಹಾಕಿದ್ದು ಪ್ರಾಯೋಜಕರ ಫಲಕ ಮಾತ್ರ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿ ಹೋಗಿದಾರೆ, ಹತ್ತಿರ ಹತ್ತಿರ 900 ವರ್ಷ ಆಯ್ತು, ರಾಜನ ದೇವಸ್ಥಾನದಲ್ಲಿ ಆ ಶಿಲ್ಪಿಗಳಿಗೆ ಸಿಕ್ಕಿದ ಮರ್ಯಾದೆ ಬಡಾವಣೆ ಪಾರ್ಕಲ್ಲಿ ನಮಗೆ ಸಿಗಲ್ಲ ಅಂದ್ರೆ ಹೇಗೆ. ತೀರ್ಪು ಮುಗಿದ ದಿನವೇ, ಅಲ್ಲೇ, ಬುಡದ ಹಿಂಭಾಗದಲ್ಲಿ ಹೆಸರು ಇಸವಿ ಕೆತ್ತಿಬಿಡಿ. ಅದಕ್ಕೆ ಒಪ್ಪಿಗೆನ ಮೊದಲೇ ಬರಹದಲ್ಲಿ ತಗೊಳ್ಳಿ.

ಪರಿಚಯದ ವಕೀಲರ ಹತ್ರ ಹೋದೆ. ಅವರು ಹೇಳಿದ್ದು ಎಲ್ಲಾ ಶಿಲ್ಪಿಗಳಿಗೂ ಗೊತ್ತಿರಬೇಕು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಟ್ಟ ಮೇಲೂ ಕರ್ತೃಗೆ ಎರಡು ಹಕ್ಕು ಉಳಿಯತ್ತೆ. ಇದು ನನ್ನ ಕೃತಿ ಅಂತ ಹೇಳ್ಕೊಳ್ಳೋ ಹಕ್ಕು ಒಂದು, ತನ್ನ ಗೌರವಕ್ಕೆ ಧಕ್ಕೆ ಆಗೋ ಹಾಗೆ ಕೃತಿನ ವಿರೂಪ ಮಾಡಿದ್ರೆ ತಡೆಯೋ, ಪರಿಹಾರ ಕೇಳೋ ಹಕ್ಕು ಇನ್ನೊಂದು. ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕೇಸು ಇದಕ್ಕೆ ದೊಡ್ಡ ಉದಾಹರಣೆ. ದೆಹಲಿ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ರು, ತುಂಡುಗಳು ಹಾಳಾದ್ವು. 1992ರಲ್ಲಿ ಅವರು ಕೋರ್ಟಿಗೆ ಹೋದ್ರು, 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗ ಅವರಿಗೇ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತು. ಗೆದ್ದರು, ನಿಜ. ಆದ್ರೆ ಕಿತ್ತಿದ್ದು ಯಾವಾಗ, ತೀರ್ಪು ಯಾವಾಗ ನೋಡಿ. ಇಷ್ಟು ವರ್ಷ ಕೋರ್ಟಿಗೆ ಅಲೆಯೋ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ವಕೀಲರ ಪತ್ರ ಹೋದ ಮೇಲೆ ಸಂಘದವರು ಪೇಂಟ್ ತೆಗೆಸ್ತೀವಿ ಅಂತ ಒಪ್ಪಿದ್ರು. ನಾನೇ ಬಂದು ತೆಗೀತೀನಿ, ಯಾರೂ ಮುಟ್ಟಬೇಡಿ ಅಂತ ಕೇಳ್ಕೊಂಡೆ. ಅಷ್ಟರಲ್ಲಿ ಇನ್ನೊಂದು ಆಯ್ತು. ಆ ಕೆರೆ ಏರಿ ಸಂಘದ್ದೇ ಅಲ್ಲ! ಬೇರೆ ಇಲಾಖೆ ಸುಪರ್ದಿಯಲ್ಲಿರೋ ಜಾಗ, ಶಿಲ್ಪ ನಿಲ್ಲಿಸೋಕೆ ಇವರು ಬರಹದಲ್ಲಿ ಅನುಮತಿನೇ ತಗೊಂಡಿರಲಿಲ್ಲ. ಬಾಡಿಗೆ ಮನೇಲಿರೋರು ಇನ್ನೊಬ್ಬರಿಗೆ ರೂಮು ಬರೆದುಕೊಟ್ಟ ಹಾಗೆ ನಮಗೆ ಜಾಗ ಕೊಟ್ಟಿದ್ರು. ಏರಿ ರಿಪೇರಿ ಕಾಮಗಾರಿ ಬಂದಾಗ ಕಾಂಟ್ರಾಕ್ಟರ್ ಜೆಸಿಬಿಲಿ ಪೀಠ ಸಮೇತ ಎತ್ತಿ ಪಂಪ್ ಹೌಸ್ ಹಿಂದೆ ಹಾಕಿದ್ದಾನೆ. ಬೆಲ್ಟ್ ಕಟ್ಟದೆ ಬಕೆಟ್‌ಲೇ ತಳ್ಳಿದ್ದಾನೆ ಅಂತ ಕಾಣತ್ತೆ, ನೆಲಕ್ಕೆ ಊರಿದ್ದ ಆ ಕೈ ಮಣಿಕಟ್ಟಿನ ಹತ್ರ ಮುರಿದಿದೆ. ತುಂಡು ಸಿಗಲಿಲ್ಲ.

ಆಗ ಪೀಠದ ಒಳಗೆ ಏನಿತ್ತು ಅಂತಾನೂ ನೋಡಿದೆ. ಮೇಲೆ ಟೈಲ್ಸ್, ಒಳಗೆ ಬರೀ ಇಟ್ಟಿಗೆ, ಕೆಳಗೆ ಕಾಂಕ್ರೀಟ್ ಇಲ್ಲ. ಏರಿ ಅಂದ್ರೆ ತುಂಬಿದ ಮಣ್ಣು, ಕುಸಿಯೋ ಜಾಗ, ಅದರ ಮೇಲೆ ಇಷ್ಟು ಭಾರ. ಕಲ್ಲಿಗೂ ಪೀಠಕ್ಕೂ ಕೂಡಿಸಿದ್ದ ರಾಡು ಮಾಮೂಲಿ ಕಬ್ಬಿಣ, ಆಗಲೇ ತುಕ್ಕು. ಕಬ್ಬಿಣ ತುಕ್ಕು ಹಿಡಿದ್ರೆ ಉಬ್ಬತ್ತೆ, ಒಳಗಿಂದ ಕಲ್ಲನ್ನೇ ಸೀಳತ್ತೆ, ಅದಕ್ಕೇ ಸ್ಟೇನ್‌ಲೆಸ್ ರಾಡೇ ಬೇಕು. ಮಕ್ಕಳು ದಿನಾ ಹತ್ತಿ ಕೂರ್ತಿದ್ದ ಶಿಲ್ಪ ಅದು. ಮಗುವಿನ ಮೇಲೆ ವಾಲಿದ್ರೆ? ಫಾರಂನ ಕೊನೇ ಷರತ್ತು ಏನು ಗೊತ್ತಾ, "ಕೃತಿಯಿಂದ ಉಂಟಾಗುವ ಯಾವುದೇ ಅವಘಡಕ್ಕೆ ಕಲಾವಿದರೇ ಹೊಣೆ". ಹಕ್ಕು ಅವರದು, ಹೊಣೆ ನಮ್ದು, ಅದಕ್ಕೆ ಕಾಲಮಿತಿನೂ ಇಲ್ಲ. ಇಡೀ ಫಾರಂನಲ್ಲಿ ನನಗೆ ಈಗಲೂ ಮೈ ನಡುಗೋದು ಈ ಸಾಲು ಓದಿದಾಗ.

ಮತ್ತೆ ವಕೀಲರನ್ನ ಕೇಳಿದೆ, ಹೀಗೆ ಮೂಲೆಗೆ ಹಾಕಿದಾರಲ್ಲ, 57ನೇ ಸೆಕ್ಷನ್ ಇಲ್ವಾ ಅಂತ. ಮುರಿದಿದ್ದಕ್ಕೆ ಕೇಳಬಹುದು, ಆದ್ರೆ ಪ್ರದರ್ಶನಕ್ಕೆ ಇಡಲಿಲ್ಲ ಅಥವಾ ನಾವು ಬಯಸಿದ ಹಾಗೆ ಇಡಲಿಲ್ಲ ಅನ್ನೋದು ಮಾತ್ರ ಆ ಹಕ್ಕಿನ ಉಲ್ಲಂಘನೆ ಆಗಲ್ಲ ಅಂತ ಅದೇ ಸೆಕ್ಷನ್‌ನ ವಿವರಣೆಲೇ ಬರೆದಿದೆಯಂತೆ. ಅಂದ್ರೆ ಎಲ್ಲಿ ನಿಲ್ಲತ್ತೆ, ಎಷ್ಟು ವರ್ಷ ನಿಲ್ಲತ್ತೆ, ತೆಗೆಯೋ ಹಾಗಿದ್ರೆ ಯಾರಿಗೆ ಹೇಳಿ ತೆಗೀಬೇಕು, ಇವೆಲ್ಲಾ ಕಾನೂನು ನೋಡ್ಕೊಳ್ಳತ್ತೆ ಅಂತ ಕೂರೋ ಹಾಗಿಲ್ಲ, ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಅದಕ್ಕೆ ಆ ಹುಡುಗ್ರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಸ್ಕೆಚ್ ಕಳ್ಸೋಕೂ ಮುಂಚೆ ಜಾಗ ಯಾರದು ಅಂತ ಕೇಳಿ, ಜಾಗದ ಒಡೆತನ ಇರೋ ಇಲಾಖೆಯ ಅನುಮತಿ ಪತ್ರದ ಪ್ರತಿ ಕೇಳಿ, "ಮಾತಾಡಿದೀವಿ, ಆಗೋಗತ್ತೆ" ಅಂದ್ರೆ ಅಲ್ಲಿಗೇ ಬಿಡಿ. ಬಹುಮಾನ ಬರದ ಕೃತಿನ ವಾಪಸ್ ತಗೊಂಡು ಹೋಗ್ಬಹುದಾ, ಆ ಲಾರಿ ಬಾಡಿಗೆ ಯಾರದು ಅಂತ ಕೇಳಿ. "ಸಂಪೂರ್ಣ ಹಕ್ಕು" ಅನ್ನೋ ಮಾತನ್ನ ಹೊಡೆದುಹಾಕಿ, ಕಲ್ಲು ನಿಮ್ದು, ಕೃತಿಸ್ವಾಮ್ಯ ನನ್ನದು ಅಂತ ಬರೆಸಿ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೋ ಯಾರು ಬೇಕಾದ್ರೂ ತೆಗೀಬಹುದು, ಅದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲ, ಆದ್ರೆ ಅದರ ಅಚ್ಚು ತೆಗೆದು ನೆನಪಿನ ಕಾಣಿಕೆ ಮಾಡಿ ಹಂಚೋದು ಬೇರೆ ವಿಷಯ, ಅದಕ್ಕೆ ದಾರಿ ಬಿಡಬೇಡಿ. ಪೀಠದ ಪಾಯ ಹಾಕುವಾಗ ನೀವೇ ನಿಂತು ನೋಡಿ. ಹೊಣೆ ಷರತ್ತಿಗೆ ಸಹಿ ಹಾಕಲೇಬೇಡಿ, ಹಸ್ತಾಂತರ ಆದ ದಿನಕ್ಕೆ ನಿಮ್ಮ ಹೊಣೆ ಮುಗೀತು ಅಂತ ಬರೆಸಿ, ದಿನಾಂಕ ಸಮೇತ ಫೋಟೋ ತೆಗೆದಿಟ್ಕೊಳ್ಳಿ.

ಇಷ್ಟು ಕೇಳಿದ್ರೆ ಚಾನ್ಸ್ ತಪ್ಪಿ ಹೋಗತ್ತೆ ಅಂತ ಹೆದರ್ತೀರ ಅಂತ ಗೊತ್ತು, ಓದ್ತಿರೋ ವಯಸ್ಸಲ್ಲಿ ಹೊರಗೆ ದೊಡ್ಡ ಕಲ್ಲು ಕೆತ್ತೋ ಅವಕಾಶ ಸಿಗೋದೇ ಅಪರೂಪ. ಆದ್ರೆ ಇಷ್ಟು ಕೇಳಿದ್ದಕ್ಕೇ ಬೇಡ ಅನ್ನೋರು ಆಮೇಲೆ ನಿಮ್ಮ ಶಿಲ್ಪನ ಕಾಪಾಡ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ನೀರಗಂಟಿ ಸದ್ಯಕ್ಕೆ ಪಂಪ್ ಹೌಸ್ ಹಿಂದೇನೇ ಇದಾನೆ. ಇಲಾಖೆಗೆ ಅರ್ಜಿ ಕೊಟ್ಟಿದೀನಿ, ವಾಪಸ್ ತಗೊಂಡು ಹೋಗೋಕಾದ್ರೂ ಬಿಡಿ ಅಂತ, ಸಂಘದವರು ಈಗ ಅದಕ್ಕೆ ತಕರಾರಿಲ್ಲ ಅಂತ ಬರೆದುಕೊಟ್ಟಿದಾರೆ. ಒರಟು ಗ್ರಾನೈಟ್ ಮೇಲಿನ ಎನಾಮಲ್‌ನ ಕಲ್ಲಿಗೆ ಪೆಟ್ಟಾಗದ ಹಾಗೆ ತೆಗೆದಿರೋರು ಯಾರಾದ್ರೂ ಇದ್ರೆ ಯಾವ ರಿಮೂವರ್ ಹಾಕಿದ್ರಿ, ಎಷ್ಟು ಹೊತ್ತು ಬಿಟ್ರಿ, ಯಾವ ಬ್ರಷ್ ಅಂತ ದಯವಿಟ್ಟು ತಿಳಿಸಿ. ಈ ಸೀಸನ್‌ನಲ್ಲಿ ಇಂಥ ಫಾರಂ ಬಂದಿರೋರು ಸಹಿ ಹಾಕೋ ಮೊದಲು ನನಗೊಂದು ಪ್ರತಿ ಕಳ್ಸಿ, ಓದಿ ಹೇಳ್ತೀನಿ.