ಬೇಕಲ ಕೋಟೆಯ ದಕ್ಷಿಣಕ್ಕೆ ರಾತ್ರಿ ಲಂಗರು ಹಾಕಬೇಡಿ

ಮಂಗಳೂರಿನಿಂದ ದಕ್ಷಿಣಕ್ಕೆ ಹಾಯಿದೋಣಿಯಲ್ಲಿ ಹೊರಡುವವರು ದಯವಿಟ್ಟು ಇದನ್ನು ಓದಿ. ಬೇಕಲ ಕೋಟೆಯ ದಕ್ಷಿಣದ ಮಗ್ಗುಲಲ್ಲಿ ರಾತ್ರಿ ತಂಗಬಹುದು ಎಂದು ಯಾರು ಹೇಳಿದರೂ ನಂಬಬೇಡಿ. ನಮಗೆ ದೋಣಿ ಬಾಡಿಗೆಗೆ ಕೊಟ್ಟವರು ನಕ್ಷೆಯ ಮೇಲೆ ಪೆನ್ನಿನಿಂದ ಗುರುತು ಹಾಕಿ, "ಎಲ್ಲರೂ ಇಲ್ಲಿಯೇ ನಿಲ್ಲಿಸುವುದು" ಎಂದು ಹೇಳಿ ಕಳುಹಿಸಿದ್ದರು.

ಏಪ್ರಿಲ್ ಕೊನೆ. ಸಂಜೆಯ ವಾಯವ್ಯ ಗಾಳಿಗೆ ಕೋಟೆಯ ಗುಡ್ಡ ನಿಜಕ್ಕೂ ಅಡ್ಡವಾಗಿತ್ತು, ನೀರು ಶಾಂತವಾಗಿತ್ತು. ಆರು ಮೀಟರ್ ಆಳದಲ್ಲಿ ಲಂಗರು ಬಿಟ್ಟೆವು. ಐವತ್ತೈದು ಮೀಟರ್ ಹಗ್ಗವಿದೆ ಎಂದು ಬಾಡಿಗೆಯ ಪತ್ರದಲ್ಲಿಯೇ ಬರೆದಿತ್ತು. ಮೂವತ್ತು ಮೀಟರ್ ಆಗುವಷ್ಟರಲ್ಲಿ ಹಗ್ಗದ ತುದಿ ಭಾವನ ಕೈಗೆ ಬಂತು! ನೀರಿನ ಆಳ, ಭರತದ ಏರಿಕೆ, ದೋಣಿಯ ಮೂತಿಯ ಎತ್ತರ, ಇವನ್ನು ಕೂಡಿಸಿ ಅದರ ಏಳು ಪಟ್ಟು ಹಗ್ಗ ಬಿಡಬೇಕು. ನಮಗೆ ನಾಲ್ಕು ಪಟ್ಟೂ ಸಿಗಲಿಲ್ಲ. ಬೇರೆ ಕಡೆಗೆ ಹೋಗಲು ಬೆಳಕೂ ಉಳಿದಿರಲಿಲ್ಲ.

ಬೇಸಿಗೆಯಲ್ಲಿ ಈ ಕರಾವಳಿಯ ಗಾಳಿ ರಾತ್ರಿಯಾದರೆ ನೆಲದಿಂದ ಕಡಲಿಗೆ ತಿರುಗುತ್ತದೆ. ದೋಣಿಯೂ ತಿರುಗಿತು. ಸಂಜೆ ಒಂದು ದಿಕ್ಕಿಗೆ ಎಳೆದು ಕಚ್ಚಿಸಿದ್ದ ಲಂಗರಿಗೆ ಈಗ ಬೇರೆಯೇ ದಿಕ್ಕಿನ ಎಳೆತ. ಅಷ್ಟರಲ್ಲಿ ನೈಋತ್ಯದಿಂದ ಉದ್ದನೆಯ, ಭಾರವಾದ ಅಲೆಗಳು ಬರತೊಡಗಿದವು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲೆಲ್ಲೋ ಬಿರುಗಾಳಿ ಎಬ್ಬಿಸಿದ ಅಲೆಗಳಿವು. ಇಲ್ಲಿ ಗಾಳಿಯಿಲ್ಲದಿದ್ದರೂ ಬರುತ್ತವೆ. ಮಲಯಾಳಿಗಳು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ಆ ದಿಕ್ಕಿಗೆ ಕೋಟೆಯ ಗುಡ್ಡ ಯಾವ ಆಸರೆಯನ್ನೂ ಕೊಡುವುದಿಲ್ಲ.

ಹಗ್ಗದ ಮೇಲೆ ಅಂಗೈ ಇಟ್ಟು ನೋಡಿದೆ. ಕಚ್ಚಿಕೊಂಡ ಲಂಗರಿನ ಹಗ್ಗ ಬಿಗಿಯುತ್ತದೆ, ಸಡಿಲುತ್ತದೆ, ಅಷ್ಟೇ. ನಮ್ಮದು ತಡತಡನೆ ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಲಂಗರು ನೆಲವನ್ನು ಉಳುತ್ತಿತ್ತು. ದಡದಲ್ಲಿ ಒಂದರ ಹಿಂದೊಂದು ಕಾಣುತ್ತಿದ್ದ ಎರಡು ದೀಪಗಳು ದೂರ ದೂರ ಸರಿದಿದ್ದವು, ಬಂಡೆಗೆ ಅಲೆ ಬಡಿಯುವ ಸದ್ದು ಹತ್ತಿರವಾಗಿತ್ತು. ಎಂಜಿನ್ ಹಾಕಿ, ಲಂಗರು ಎತ್ತಿ, ಆಳದ ಕಡಲಿಗೆ ಹೋಗಿ ಬೆಳಗಿನವರೆಗೆ ಎಚ್ಚರವಿದ್ದೆವು.

ಕಾಸರಗೋಡಿನ ಹತ್ತಿರದ ಚಂದ್ರಗಿರಿ ಹೊಳೆಗೆ ಹೋಗಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಕತ್ತಲಲ್ಲಿ ಅಳಿವೆಬಾಗಿಲು, ಅಂದರೆ ಹೊಳೆ ಕಡಲನ್ನು ಸೇರುವ ಜಾಗ, ದಾಟುವುದು ಇನ್ನೂ ಅಪಾಯ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ಮರಳದಿಬ್ಬದ ಮೇಲೆ ಎದ್ದು ಒಡೆಯುತ್ತದೆ. ಆ ದಿಬ್ಬವೂ ಮಳೆಗಾಲ ಕಳೆದಾಗ ಜಾಗ ಬದಲಿಸಿರುತ್ತದೆ, ಹಳೆಯ ನಕ್ಷೆ ನಂಬುವಂತಿಲ್ಲ. ಹಗಲಿನಲ್ಲಿ, ನೀರು ಏರುತ್ತಿರುವಾಗ, ಊರಿನ ಮೀನುಗಾರರ ದೋಣಿಯ ಹಿಂದೆಯೇ ಒಳಗೆ ಹೋಗಿ. ಮುಂದೆ ರೈಲು ಸೇತುವೆಯೂ ರಸ್ತೆ ಸೇತುವೆಯೂ ಇವೆ, ಹಾಯಿಕಂಬದ ಎತ್ತರ ನೆನಪಿರಲಿ.

ಮರುದಿನ ಹಿರಿಯ ಮೀನುಗಾರರೊಬ್ಬರು ಸಿಟ್ಟಿನಿಂದಲೇ ಹೇಳಿದರು: "ಅಲ್ಲಿ ರಾತ್ರಿ ಯಾರು ನಿಲ್ಲಿಸುತ್ತಾರೆ ಮಾರಾಯರೇ? ನಾವು ದೋಣಿಯನ್ನು ಮರಳಿಗೆ ಎಳೆದಿಡುತ್ತೇವೆ, ಇಲ್ಲವೇ ಹೊಳೆಯೊಳಗೆ ಕಟ್ಟುತ್ತೇವೆ."

ಹೊರಡುವ ಮುನ್ನ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆ ನೋಡಿ. 2024ರ ಮೇ ತಿಂಗಳ ಆರಂಭದಲ್ಲಿ ಕೇರಳ ಕರಾವಳಿಗೆ ಇಂಥ ಅಲೆಗಳ ಎಚ್ಚರಿಕೆಯನ್ನು ಕೊಟ್ಟದ್ದು ಅವರೇ. ಲಂಗರಿನ ಹಗ್ಗವನ್ನು ದಡದಲ್ಲಿಯೇ ಪೂರ್ತಿ ಬಿಚ್ಚಿ ಅಳೆಯಿರಿ. ನಮಗೆ ಬಾಡಿಗೆ ಕೊಟ್ಟವರು ಈಗಲೂ ಅದೇ ಗುರುತು ಹಾಕಿದ ನಕ್ಷೆಯನ್ನು ಹಂಚುತ್ತಿದ್ದಾರೆ. ನಿಮ್ಮ ಕೈಗೆ ಬಂದರೆ ಆ ಗುರುತನ್ನು ಅವರೆದುರಿಗೇ ಹೊಡೆದುಹಾಕಿ.