‘ಹೌದು–ಇಲ್ಲ–ನೋಡೋಣ’ ಪಟ್ಟಿ: ಧರ್ಮ ಬೇರೆಯಾದ ಜೋಡಿಗೆ ಮೂರು ಕಾಲಂ ಸಾಲದು

ಲೈಂಗಿಕ ಆಪ್ತಸಮಾಲೋಚಕರು ಜೋಡಿಗಳ ಕೈಗೆ ಕೊಡುವ ಹಾಳೆಯಿದು. ಎಡಕ್ಕೆ ಚುಂಬನ, ಮಸಾಜ್‌, ಮುಖಮೈಥುನ, ಕಾಂಡೋಮ್‌ ಇಂಥ ಸಾಲುಗಳು; ಬಲಕ್ಕೆ ‘ಹೌದು’, ‘ಇಲ್ಲ’, ‘ನೋಡೋಣ’ ಎಂಬ ಮೂರು ಕಾಲಂ. ಇಬ್ಬರೂ ಬೇರೆ ಬೇರೆ ಕೂತು ತುಂಬಿ, ಆಮೇಲೆ ಅದಲುಬದಲು ಮಾಡಿಕೊಳ್ಳಬೇಕು. ಒಟ್ಟಿಗೆ ಕೂತರೆ ಸಂಕೋಚದವರು ಇನ್ನೊಬ್ಬರ ಪೆನ್ನು ಹೋದ ಕಡೆಗೇ ಟಿಕ್‌ ಹಾಕುತ್ತಾರೆ.

ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿಸುವ ಕೆಲಸವನ್ನು ಪಟ್ಟಿ ಚೆನ್ನಾಗಿಯೇ ಮಾಡುತ್ತದೆ. ಎಡವುವುದು ಇಬ್ಬರ ಧರ್ಮ, ಅಥವಾ ಧರ್ಮನಿಷ್ಠೆ, ಬೇರೆಯಿದ್ದಾಗ. ‘ನನಗೆ ಹಿಡಿಸದು’ ಎಂಬ ಇಲ್ಲವೂ ‘ನನ್ನ ಧರ್ಮದಲ್ಲಿ ನಿಷಿದ್ಧ’ ಎಂಬ ಇಲ್ಲವೂ ಇಲ್ಲಿ ಒಂದೇ ಡಬ್ಬಿಗೆ ಬೀಳುತ್ತವೆ. ಓದಿದ ಸಂಗಾತಿಗೆ ಅದು ತನ್ನ ಮೇಲಿನ ಅನಾಸಕ್ತಿ ಅನಿಸಿ, ಮುನಿಸು ಅಲ್ಲಿಂದಲೇ ಶುರು.

ಆದ್ದರಿಂದ ‘ಯಾಕೆ’ ಎಂಬ ನಾಲ್ಕನೇ ಕಾಲಂ ಎಳೆದುಕೊಳ್ಳಿ. ಒಂದಕ್ಷರ ಸಾಕು: ಇಷ್ಟವಿಲ್ಲದ್ದಕ್ಕೆ ‘ಇ’, ಧರ್ಮದ ಕಟ್ಟಳೆಗೆ ‘ಧ’, ಅಳುಕಿಗೆ ‘ಅ’, ನೋವಿಗೆ ‘ನೋ’. ‘ಧ’ ಬಿದ್ದ ಸಾಲಿಗೆ ಇನ್ನೊಂದು ಪ್ರಶ್ನೆ: ಎಂದಿಗೂ ಇಲ್ಲವೋ, ಕೆಲವು ದಿನ ಮಾತ್ರವೋ? ರಂಜಾನ್‌ ಉಪವಾಸದಲ್ಲಿ ನಿಷೇಧ ಹಗಲಿಗಷ್ಟೇ. ಸೂರ್ಯ ಮುಳುಗಿದ ಮೇಲೆ ಫಜ್ರ್‌ವರೆಗೆ, ಅಂದರೆ ನಸುಕಿನ ನಮಾಜಿನ ಹೊತ್ತಿನವರೆಗೆ, ಅಡ್ಡಿಯಿಲ್ಲ. ಇಂಥವು ಕ್ಯಾಲೆಂಡರಿಗೆ ಗುರುತು ಹಾಕಿದರೆ ಬಗೆಹರಿಯುತ್ತವೆ.

‘ಮುಟ್ಟಿನ ದಿನಗಳು’ ಎಂಬ ಒಂದೇ ಸಾಲಿದ್ದರೆ ಅದನ್ನು ಎರಡು ಮಾಡಿ: ಸಂಭೋಗ ಒಂದು, ಸ್ಪರ್ಶ ಇನ್ನೊಂದು. ಇಸ್ಲಾಮಿನಲ್ಲಿ ಆಗ ಸಂಭೋಗ ನಿಷಿದ್ಧ, ಅಪ್ಪುಗೆಗೆ ತಡೆಯಿಲ್ಲ. ಸಂಪ್ರದಾಯಸ್ಥ ಯಹೂದಿಗಳಲ್ಲಿ ಮುಟ್ಟು ಶುರುವಾದಾಗಿನಿಂದ ಸುಮಾರು 12 ದಿನ, ಮಿಕ್ವೆ ಎಂಬ ಕೊಳದಲ್ಲಿ ಶುದ್ಧಿಯ ಸ್ನಾನ ಆಗುವವರೆಗೂ, ಒಬ್ಬರನ್ನೊಬ್ಬರು ಸೋಕುವುದೂ ಇಲ್ಲ. ಸಾಲು ಒಡೆಯದಿದ್ದರೆ ಈ ವ್ಯತ್ಯಾಸ ಹಾಳೆಯಲ್ಲಿ ಕಾಣುವುದೇ ಇಲ್ಲ.

ಕ್ಯಾಥೊಲಿಕ್‌ ಸಂಗಾತಿ ಕಾಂಡೋಮ್‌ ಎದುರು ಹಾಕುವ ‘ಇಲ್ಲ’ ಹೆಚ್ಚು ಗಟ್ಟಿ. 1968ರಲ್ಲಿ ಪೋಪ್‌ ಆರನೇ ಪಾಲ್‌ ಹೊರಡಿಸಿದ ಪತ್ರ ಕೃತಕ ಗರ್ಭನಿರೋಧವನ್ನು ಒಪ್ಪುವುದಿಲ್ಲ. ತಕ್ಕ ಕಾರಣವಿದ್ದರೆ ಗರ್ಭ ನಿಲ್ಲುವ ದಿನಗಳನ್ನು ಬಿಟ್ಟು ಕೂಡುವುದನ್ನು ಒಪ್ಪುತ್ತದೆ. ಈ ಸಾಲಿನ ಮಾತು ಮಕ್ಕಳು ಎಷ್ಟು, ಯಾವಾಗ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕೆ ಪ್ರತ್ಯೇಕ ದಿನವನ್ನೇ ಇಡಿ.

‘ಅ’ ಅತ್ಯಂತ ಸೂಕ್ಷ್ಮ. ಧರ್ಮ ಅಡ್ಡಿಪಡಿಸದಿದ್ದರೂ ಚಿಕ್ಕಂದಿನಿಂದ ‘ಕೊಳಕು’ ಎಂದು ಕೇಳಿ ಬೆಳೆದವರಿಗೆ ಮದುವೆಯಾದ ಮೇಲೂ ಮನಸ್ಸು ಹಿಂಜರಿಯುತ್ತದೆ; ಎಷ್ಟೋ ಮಂದಿ ಅದನ್ನೇ ‘ಧ’ ಎಂದು ಬರೆದುಬಿಡುತ್ತಾರೆ. ಅನುಮಾನವಿದ್ದರೆ ಅವರು ನಂಬುವ ಧರ್ಮಗುರುವನ್ನು ಅವರೇ ಕೇಳಲಿ. ಸಂಗಾತಿಯೇ ಗ್ರಂಥ ತೆರೆದು ವಾದಕ್ಕಿಳಿದರೆ ಪಟ್ಟಿ ಹರಿದಂತೆಯೇ. ‘ನೋ’ ಬಂದಿದ್ದರೆ ಮೊದಲು ವೈದ್ಯರು, ಆಮೇಲೆ ಪಟ್ಟಿ.

ಪಟ್ಟಿಯ ಇನ್ನೊಂದು ಕೊರತೆ ಅದರ ಉದ್ದ. ಮುಜುಗರ ತರುವ ಸಾಲುಗಳೇ ಮೊದಲ ಪುಟದಲ್ಲಿ ಎದುರಾದರೆ ಆಸ್ತಿಕ ಸಂಗಾತಿ ಹಾಳೆ ಮಡಚಿಡುತ್ತಾರೆ. ಅದಕ್ಕೇ 20 ಸಾಲಿಗೆ ಇಳಿಸಿ, ಅಪ್ಪುಗೆ, ಮಾತು, ನಿದ್ದೆಯ ಹೊತ್ತು ಇವುಗಳಿಂದ ಶುರುಮಾಡಿ. ‘ನೋಡೋಣ’ದ ಪಕ್ಕ ಷರತ್ತು ಬರೆಸಿ, ಬರಿದೇ ಬಿಟ್ಟರೆ ಒತ್ತಾಯಕ್ಕೆ ಅದು ‘ಹೌದು’ ಆಗಿಬಿಡುತ್ತದೆ. ಕೆಳಗೆ ತಾರೀಖು ಹಾಕಿ, ಮೂರು ತಿಂಗಳಾದ ಮೇಲೆ ಹಳೆಯದನ್ನು ನೋಡದೆ ಹೊಸ ಹಾಳೆ ತುಂಬಿ.